ಬೆರಳು ಮುಂದೆ, ಸದ್ದು ಹಿಂದೆ!

ಹೀರೋ ಲೇಟಾಗಿ ಎಂಟ್ರಿ ಕೊಟ್ಟರೆ ನೀವು ಶಿಳ್ಳೆ ಹೊಡೀತೀರಿ. ಹೀರೋಯಿನ್ ಸೆಟ್ಟಿಗೆ ಲೇಟಾಗಿ ಬಂದರೆ ನಮ್ಮಂಥ ಪತ್ರಕರ್ತರಿಗೆ ಒಂದು ಪ್ಯಾರಾ ಸುದ್ದಿ ಸಿಗುತ್ತೆ. ಆದರೆ ರಸಮಂಜರಿ ಸ್ಟೇಜಿನ ಮೇಲೆ ಕೀಬೋರ್ಡ್ ಹುಡುಗನ ಬೆರಳು ಬಿದ್ದ ಮೇಲೆ ಸದ್ದು ಲೇಟಾಗಿ ಬಂದರೆ? ಆಗಲೂ ಶಿಳ್ಳೆ ಬರುತ್ತೆ ಗೆಳೆಯರೇ... ಆದರೆ ಅದು ಬೇರೆ ಥರದ ಶಿಳ್ಳೆ!

ಈ ವಾರ ತಾರೆಯರ ಸುದ್ದಿಗೆ ರಜೆ. ತೆರೆಯ ಮೇಲೆ ಮಿಂಚುವವರ ಬಗ್ಗೆ ವಾರವಾರವೂ ಬರೀತೇನೆ. ಅವರ ಹಾಡುಗಳನ್ನು ಊರೂರಿಗೆ ಹೊತ್ತುಕೊಂಡು ಹೋಗುವ ಆರ್ಕೆಸ್ಟ್ರಾ ಹುಡುಗರ ಬಗ್ಗೆ ಬರೆಯೋದು ಯಾವಾಗ? ಗಣಪತಿ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ... ನಮ್ಮ ಸಿನಿಮಾ ಹಾಡು ಥಿಯೇಟರಿನಿಂದ ಇಳಿದು ಬೀದಿಗೆ ಬಂದು ನಿಲ್ಲೋದು ಅಲ್ಲೇ. ಆ ಹುಡುಗರ ವರ್ಷದ ಅನ್ನ ಹುಟ್ಟೋದೂ ಆ ನಾಲ್ಕು ತಿಂಗಳಲ್ಲೇ.

ಮೊದಲೆಲ್ಲ ಕೀಬೋರ್ಡಿನೊಳಗೆ ಇದ್ದ ಸ್ವರಗಳಲ್ಲೇ ಸಂಸಾರ ನಡೀತಿತ್ತು. ಈಗ ಕೀಬೋರ್ಡಿನ ಪಕ್ಕ ಒಂದು ಲ್ಯಾಪ್‌ಟಾಪ್ ಬಂದು ಕೂತಿದೆ. ಕೀಬೋರ್ಡು ಬರೀ ಬೆರಳಿಗೆ, ಸದ್ದೆಲ್ಲ ಲ್ಯಾಪ್‌ಟಾಪಿನದು. ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಬಳಸುವಂಥ ಕೊಳಲು, ವಯಲಿನ್ ಗುಂಪು, ಷಹನಾಯ್ ಎಲ್ಲ ಕಾಂಟ್ಯಾಕ್ಟ್‌ನಂಥ ಸಾಫ್ಟ್‌ವೇರಿನಲ್ಲಿ ಸಿಗುತ್ತೆ. ಹಳ್ಳಿ ಸ್ಟೇಜಿನಲ್ಲೂ ಸಿನಿಮಾದ ಸದ್ದು! ಯಾರಿಗೆ ಬೇಡ?

ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಒಂದು ಪುಟ್ಟ ಪೆಟ್ಟಿಗೆ ಬೇಕು. ಅದರ ಹೆಸರು ಆಡಿಯೋ ಇಂಟರ್‌ಫೇಸ್. ನಮ್ಮ ಹುಡುಗರು ‘ಸೌಂಡ್ ಕಾರ್ಡ್’ ಅಂತಲೇ ಕರೀತಾರೆ. ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಲಕ್ಷದ ಹತ್ತಿರದವರೆಗೂ ಇದೆ. ಚೀಟಿ ಎತ್ತಿ, ಅಮ್ಮನ ಓಲೆ ಅಡವಿಟ್ಟು ಕೊಳ್ಳುವ ವಸ್ತು ಇದು. ಹಾಗಾದರೆ ಯಾವುದನ್ನು ಕೊಳ್ಳಬೇಕು? ಬನ್ನಿ, ಇವತ್ತು ಅದನ್ನೇ ಮಾತಾಡೋಣ.

ಸಿನಿಮಾಕ್ಕಿರುವ ಸೌಲಭ್ಯ ಸ್ಟೇಜಿಗಿಲ್ಲ

ಕೀ ಒತ್ತಿದ ಕ್ಷಣಕ್ಕೂ ಸದ್ದು ಬರುವ ಕ್ಷಣಕ್ಕೂ ನಡುವಿನ ತಡಕ್ಕೆ ‘ಲೇಟೆನ್ಸಿ’ ಅಂತ ಹೆಸರು. ಇದನ್ನು ಮಿಲಿಸೆಕೆಂಡಿನಲ್ಲಿ ಅಳೀತಾರೆ. ಸೆಕೆಂಡಿನ ಸಾವಿರದ ಒಂದು ಪಾಲು. ಅಷ್ಟು ಚಿಕ್ಕದಕ್ಕೆ ಇಷ್ಟು ರಂಪವೇ ಅಂತೀರಾ? ಸಿನಿಮಾ ನೋಡುವ ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮು ಓಡುತ್ತೆ. ಅಂದರೆ ಒಂದು ಫ್ರೇಮಿಗೆ ಸುಮಾರು 42 ಮಿಲಿಸೆಕೆಂಡು. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗಿ ನಾಲ್ಕೈದು ಫ್ರೇಮು ಜಾರಿದರೆ ಸಾಕು, ಗಾಂಧಿ ಕ್ಲಾಸಿನಿಂದ ಕೂಗು ಏಳುತ್ತೆ!

ರೀಲಿನ ಕಾಲದ ಒಂದು ಗುಟ್ಟು ಹೇಳ್ತೇನೆ, ಕೇಳಿ. ಪ್ರೊಜೆಕ್ಟರಿನಲ್ಲಿ ಚಿತ್ರ ತೋರಿಸುವ ಜಾಗ ಒಂದು, ಸದ್ದು ಓದುವ ಜಾಗ ಇನ್ನೊಂದು. ಹಾಗಾಗಿ 35 ಎಂ.ಎಂ. ಪ್ರಿಂಟಿನಲ್ಲಿ ಸದ್ದನ್ನು ಅದರ ಚಿತ್ರಕ್ಕಿಂತ ಸುಮಾರು 20 ಫ್ರೇಮು ಮುಂದಕ್ಕೆ ಅಚ್ಚು ಹಾಕ್ತಿದ್ದರು. ಎಷ್ಟು ತಡ ಆಗುತ್ತೆ ಅಂತ ಮೊದಲೇ ಗೊತ್ತಿತ್ತು, ಅಷ್ಟನ್ನು ಮುಂದೆ ತಳ್ಳಿದರು, ತೆರೆಯ ಮೇಲೆ ಎರಡೂ ಕೂಡಿಕೊಂಡವು. ಈಗ ಥಿಯೇಟರಿನಲ್ಲಿ ರೀಲಿನ ಜಾಗಕ್ಕೆ ಡಿಜಿಟಲ್ ಬಂದಿದೆ, ಉಪಾಯ ಮಾತ್ರ ಹಾಗೇ ಇದೆ. ರೆಕಾರ್ಡಿಂಗ್ ಸಾಫ್ಟ್‌ವೇರು ಕೂಡ ಆಗಿಹೋದ ತಡವನ್ನು ಲೆಕ್ಕ ಹಾಕಿ ಹಾಡನ್ನು ಅದರ ಜಾಗಕ್ಕೆ ಎಳೆದು ಕೂರಿಸುತ್ತೆ.

ಸ್ಟೇಜಿನ ಮೇಲೆ ಈ ಆಟ ನಡೆಯೋಲ್ಲ. ನೀವು ಇನ್ನೂ ಒತ್ತದ ಕೀಯ ಸದ್ದನ್ನು ಯಾವ ಯಂತ್ರವೂ ಮುಂದಕ್ಕೆ ತಳ್ಳಲಾರದು! ಅಲ್ಲಿ ತಡ ಅಂದರೆ ತಡವೇ. ಅದನ್ನು ಸರಿಪಡಿಸುವ ಎಡಿಟರ್ ಇಲ್ಲ, ರೀಟೇಕ್ ಇಲ್ಲ. ಆದ್ದರಿಂದಲೇ ಮನೆಯಲ್ಲಿ ರೆಕಾರ್ಡ್ ಮಾಡೋಕೆ ಸಾಕಾಗುವ ಪೆಟ್ಟಿಗೆ ಸ್ಟೇಜಿಗೂ ಸಾಕು ಅಂತ ತಿಳೀಬೇಡಿ.

ಕೊಡದ ಲೆಕ್ಕ

ನಾನು ಪಿ.ಯು.ಸಿ.ಯನ್ನೇ ಅರ್ಧಕ್ಕೆ ಬಿಟ್ಟವನು. ಗಣಿತದ ಪಾಠಕ್ಕೆ ಇವನ್ಯಾರು ಅನ್ನಬೇಡಿ. ಇಲ್ಲಿ ಬೇಕಾಗಿರೋದು ಭಾಗಾಕಾರ ಅಷ್ಟೇ.

ಲ್ಯಾಪ್‌ಟಾಪ್ ಸದ್ದನ್ನು ಹನಿಹನಿಯಾಗಿ ಕೊಡೋಲ್ಲ, ಕೊಡಕೊಡವಾಗಿ ಕೊಡುತ್ತೆ. ಒಂದು ಸೆಕೆಂಡಿನ ಸದ್ದನ್ನು 48,000 ಹನಿ ಮಾಡಿಕೊಂಡಿರುತ್ತೆ. ಒಂದು ಕೊಡಕ್ಕೆ ಎಷ್ಟು ಹನಿ ಅನ್ನೋದೇ ‘ಬಫರ್ ಸೈಜ್’. ಕೊಡ ತುಂಬುವವರೆಗೂ ನೀವು ಕಾಯಬೇಕು. 1024 ಹನಿಯ ಕೊಡ ಆದರೆ 21 ಮಿಲಿಸೆಕೆಂಡು. 512 ಆದರೆ ಹತ್ತೂವರೆ ದಾಟುತ್ತೆ. 256 ಆದರೆ ಐದು ಚಿಲ್ಲರೆ. 128 ಆದರೆ ಎರಡೂವರೆಗಿಂತ ಸ್ವಲ್ಪ ಜಾಸ್ತಿ. 64 ಆದರೆ ಒಂದು ಚಿಲ್ಲರೆ. ಇದರ ಮೇಲೆ ಯುಎಸ್‌ಬಿ ದಾರಿಯ ಸುಂಕ, ಪೆಟ್ಟಿಗೆಯೊಳಗೆ ಅಂಕಿಯನ್ನು ಸದ್ದು ಮಾಡುವ ಕೂಲಿ ಅಂತ ಇನ್ನಷ್ಟು ಸೇರುತ್ತೆ. ಅದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ.

ಹಾಗಾದರೆ ಎಲ್ಲರೂ 64ಕ್ಕೇ ಇಟ್ಟುಕೊಂಡರಾಯ್ತಲ್ಲ? ಅಲ್ಲೇ ಇರೋದು ಟ್ವಿಸ್ಟು! ಕೊಡ ಚಿಕ್ಕದಾದಷ್ಟೂ ಹೊರುವವನು ಜಾಸ್ತಿ ಸಲ ಓಡಬೇಕು. ಒಂದೇ ಒಂದು ಸಲ ಅವನು ತಡ ಮಾಡಿದರೂ ಸದ್ದಿನಲ್ಲಿ ತೂತು. ಸ್ಪೀಕರಿನಲ್ಲಿ ‘ಪಟ್... ಪಟ್... ಕರ್ರ್’! ಬೆರಳಿಗೆ ಗೊತ್ತಾಗದಷ್ಟು ತಡವನ್ನು ಜನ ಕ್ಷಮಿಸ್ತಾರೆ. ಆ ‘ಪಟ್’ ಸದ್ದನ್ನು ಕ್ಷಮಿಸೋಲ್ಲ.

ಬೆರಳಿಗೆ ಎಷ್ಟು ತಡ ಗೊತ್ತಾಗುತ್ತೆ? ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಅಂದರೆ ಒಂದು ಮಿಲಿಸೆಕೆಂಡಿಗೆ ಒಂದಡಿಗಿಂತ ಸ್ವಲ್ಪ ಜಾಸ್ತಿ. 10 ಮಿಲಿಸೆಕೆಂಡಿನ ತಡ ಅಂದರೆ ಸ್ಪೀಕರು ನಿಮ್ಮಿಂದ ಮೂರೂವರೆ ಮೀಟರ್ ದೂರ ಇದ್ದ ಹಾಗೆ. ಅಷ್ಟು ದೂರದಲ್ಲಿ ಕೂತ ಢೋಲಕ್‌ನವನ ಜೊತೆ ನೀವು ಸಲೀಸಾಗಿ ನುಡಿಸ್ತೀರಿ, ಅಲ್ವೇ? ಹಾಗಾಗಿ ಒಟ್ಟು ತಡ 10ರ ಒಳಗಿದ್ದರೆ ಸಾಮಾನ್ಯವಾಗಿ ಕೀಬೋರ್ಡಿನವರಿಗೆ ತೊಂದರೆ ಇಲ್ಲ. ರಿದಂ ಪ್ಯಾಡ್ ಬಡಿಯುವವರಿಗೆ ಇನ್ನೂ ಕಡಿಮೆ ಬೇಕು. ನಿಧಾನವಾಗಿ ಏಳುವ ವಯಲಿನ್ ಗುಂಪಿನ ಸ್ವರಕ್ಕೆ ಸ್ವಲ್ಪ ಜಾಸ್ತಿಯಾದರೂ ನಡೆಯುತ್ತೆ. ಒಂದು ನೆನಪಿಡಿ: ಮಾನಿಟರ್ ಸ್ಪೀಕರು ನಿಮ್ಮಿಂದ ಎರಡು ಮೀಟರ್ ಆಚೆ ಇದ್ದರೆ ಅದೇ ಆರು ಮಿಲಿಸೆಕೆಂಡು ತಿಂದುಹಾಕುತ್ತೆ. ಸ್ಪೀಕರನ್ನು ಹತ್ತಿರಕ್ಕೆ ಎಳೆದುಕೊಳ್ಳಿ. ಇದಕ್ಕೆ ಕಾಸು ಖರ್ಚಿಲ್ಲ!

ಅರವತ್ತನಾಲ್ಕರ ಹುಡುಗ

ಹೋದ ವರ್ಷದ ಗಣಪತಿ ಸೀಸನ್ನಿನಲ್ಲಿ ತುಮಕೂರು ಕಡೆಯ ಒಂದು ಊರಿನಲ್ಲಿ ಮಿಕ್ಸರ್ ಪಕ್ಕವೇ ನಿಂತಿದ್ದೆ. ಕೀಬೋರ್ಡಿನ ಹುಡುಗನಿಗೆ ಇಪ್ಪತ್ತೆರಡಿರಬಹುದು. ಚೀಟಿ ಹಣದಲ್ಲಿ ಹೊಸ ಪೆಟ್ಟಿಗೆ ತಂದಿದ್ದ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘ಅಲ್ಟ್ರಾ ಲೋ ಲೇಟೆನ್ಸಿ’ ಅಂತ ಅಚ್ಚಾಗಿತ್ತು. ಮೊದಲ ಎರಡು ಹಾಡು ಚಿನ್ನ. ಮೂರನೆಯದು ಕುಣಿತದ ಹಾಡು, ಎರಡೂ ಕೈ ತುಂಬ ಕೆಲಸ. ಶುರುವಾಯ್ತು ನೋಡಿ ಪಟಪಟ! ಸ್ಪೀಕರಿನಲ್ಲಿ ಕಡಲೆ ಹುರಿದ ಹಾಗೆ. ಗಾಯಕಿ ಹಿಂತಿರುಗಿ ನೋಡಿದಳು. ಢೋಲಕ್‌ನವನು ಕಣ್ಣು ಬಿಟ್ಟ. ಹುಡುಗ ಬೆವೆತುಹೋದ.

ಹಾಡು ಮುಗಿದ ಮೇಲೆ ಮಿಕ್ಸರಿನ ಹಿರಿಯರು ಎದ್ದುಹೋಗಿ ಕೇಳಿದರು: “ಏನಪ್ಪಾ ಮರಿ, ಬಫರ್ ಎಷ್ಟಿಟ್ಟಿದ್ದೀಯ?”

“ಅರವತ್ತನಾಲ್ಕು ಅಣ್ಣಾ. ಕಡಿಮೆ ಇದ್ದಷ್ಟೂ ಒಳ್ಳೇದಂತೆ...”

“ಯಾರಿಗೆ ಒಳ್ಳೇದು? ನಿನ್ನ ಬೆರಳಿಗೋ, ಡಬ್ಬದ ಮೇಲೆ ಅಚ್ಚು ಹಾಕಿದವನಿಗೋ?”

256ಕ್ಕೆ ಏರಿಸಿದರು. ಪಟಪಟ ಕಡಿಮೆಯಾಯ್ತು, ನಿಲ್ಲಲಿಲ್ಲ. 512ಕ್ಕೆ ಏರಿಸಿದರು. ನಿಂತಿತು, ಆದರೆ ಬೆರಳು ಮುಂದೆ, ಸದ್ದು ಹಿಂದೆ! ಆ ಪೆಟ್ಟಿಗೆಗೆ ತನ್ನದೇ ಆದ ಡ್ರೈವರ್ ಇರಲಿಲ್ಲ ಅನ್ನೋದು ಆಗ ಗೊತ್ತಾಯ್ತು. ಉಳಿದ ರಾತ್ರಿಯೆಲ್ಲ ಹುಡುಗ ಕೀಬೋರ್ಡಿನ ಸ್ವಂತ ಸ್ವರದಲ್ಲೇ ತಳ್ಳಿದ. ಕಮಿಟಿಯವರು ಮಾತಾಡಿದ್ದರಲ್ಲಿ ಅರ್ಧ ಎಣಿಸಿ ಕೈಗಿಟ್ಟರು. ಚೀಟಿಯ ಕಂತು ಮಾತ್ರ ಯಾರೂ ಅರ್ಧ ಮಾಡಲಿಲ್ಲ.

ಆ ಹುಡುಗನಿಗೆ ಬೇಕಾಗಿದ್ದು ಎಲ್ಲಕ್ಕಿಂತ ಕಡಿಮೆ ಅಂಕಿ ಅಲ್ಲ, ಕುಣಿತದ ಹಾಡಿನಲ್ಲೂ ಅಲ್ಲಾಡದೆ ನಿಲ್ಲುವ ಅಂಕಿ. ಈ ವಾರ ನಾನು ಹೇಳಬೇಕಾಗಿರೋದೂ ಅದನ್ನೇ.

ಮೊದಲು ನೀವು ಯಾರು, ಹೇಳಿ!

ಮೈನಸ್ ಟ್ರ್ಯಾಕ್ ಹಾಕಿ ಹಾಡಿಸುವವರು ನೀವಾದರೆ ಲೇಟೆನ್ಸಿಯ ತಲೆನೋವೇ ನಿಮಗಿಲ್ಲ. ಟ್ರ್ಯಾಕ್ ಅರ್ಧ ಸೆಕೆಂಡ್ ತಡವಾಗಿ ಶುರುವಾದರೆ ಯಾರಿಗೆ ಗೊತ್ತು? ಬಫರನ್ನು 1024ಕ್ಕಿಟ್ಟು ನೆಮ್ಮದಿಯಾಗಿರಿ. ಇದಕ್ಕಾಗಿ ದುಬಾರಿ ಪೆಟ್ಟಿಗೆ ಕೊಳ್ಳಬೇಡಿ.

ಕೀಬೋರ್ಡಿನವರಿಗೆ ಸದ್ದು ಹೊರಗೆ ಬರುವ ತಡ ಮಾತ್ರ ಲೆಕ್ಕ. ಗಿಟಾರನ್ನು ಲ್ಯಾಪ್‌ಟಾಪಿನೊಳಗೆ ಕಳಿಸಿ ಎಫೆಕ್ಟ್ ಹಾಕಿ ಹೊರಗೆ ತರುವವರಿಗೆ ಹೋಗುವ ತಡ, ಬರುವ ತಡ ಎರಡೂ ಸೇರುತ್ತೆ. ಅವರಿಗೆ ಒಳ್ಳೆಯ ಪೆಟ್ಟಿಗೆಯ ಅಗತ್ಯ ಎಲ್ಲರಿಗಿಂತ ಹೆಚ್ಚು.

ಡಬ್ಬದ ಮೇಲೆ ‘ಡೈರೆಕ್ಟ್ ಮಾನಿಟರಿಂಗ್, ಜೀರೋ ಲೇಟೆನ್ಸಿ’ ಅಂತ ಕಂಡರೆ ಮರುಳಾಗಬೇಡಿ. ಅದು ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಕಾಯಿಸದೆ ನೇರವಾಗಿ ಹೆಡ್‌ಫೋನಿಗೆ ಕೊಡುವ ದಾರಿ. ಗಾಯಕರಿಗೆ ವರ. ಆದರೆ ನಿಮ್ಮ ಕೊಳಲಿನ ಸದ್ದು ಹುಟ್ಟೋದೇ ಲ್ಯಾಪ್‌ಟಾಪಿನೊಳಗೆ. ಅದಕ್ಕೆ ಈ ದಾರಿ ಇಲ್ಲವೇ ಇಲ್ಲ!

ಡ್ರೈವರ್ ಯಾರು ಸ್ವಾಮಿ?

ಬಸ್ಸು ಎಷ್ಟೇ ಹೊಸದಿರಲಿ, ಡ್ರೈವರ್ ಸರಿಯಿಲ್ಲದಿದ್ದರೆ ಊರು ಸೇರುತ್ತಾ? ಇಲ್ಲೂ ಅಷ್ಟೇ. ಪೆಟ್ಟಿಗೆಗೂ ಲ್ಯಾಪ್‌ಟಾಪಿಗೂ ಮಾತು ನಡೆಸುವ ಸಾಫ್ಟ್‌ವೇರಿನ ಹೆಸರೇ ಡ್ರೈವರ್. ವಿಂಡೋಸ್‌ನ ಮಾಮೂಲಿ ದಾರಿ ಸಂಗೀತಕ್ಕೆ ನಿಧಾನ ಅಂತ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ‘ಆಸಿಯೋ’ ಅನ್ನುವ ಅಡ್ಡದಾರಿ ಹಾಕಿತು. ಇವತ್ತಿಗೂ ವಿಂಡೋಸ್‌ನವರು ನಡೆಯುವ ದಾರಿ ಅದೇ.

ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: “ಈ ಪೆಟ್ಟಿಗೆಗೆ ಕಂಪನಿಯದೇ ಸ್ವಂತ ಆಸಿಯೋ ಡ್ರೈವರ್ ಇದೆಯಾ?” ‘ಆಸಿಯೋ ಫಾರ್ ಆಲ್ ಹಾಕ್ಕೊಳ್ಳಿ’ ಅಂದರೆ ಎಚ್ಚರ. ಅದು ಪುಕ್ಕಟೆ ಸಿಗುವ ಒಳ್ಳೆಯ ಸಾಧನ, ಲ್ಯಾಪ್‌ಟಾಪಿನ ಸ್ವಂತ ಜಾಕಿನಲ್ಲಿ ಅಭ್ಯಾಸ ಮಾಡುವವರಿಗೆ ಉಪಕಾರಿ. ಆದರೆ ಅದು ವಿಂಡೋಸ್ ಡ್ರೈವರಿನ ಮೇಲೆ ಹೊದಿಸಿದ ಮುಸುಕು ಅಷ್ಟೇ. ಕಾಸು ಕೊಟ್ಟು ಪೆಟ್ಟಿಗೆ ಕೊಂಡ ಮೇಲೂ ಅದನ್ನೇ ನಂಬಬೇಕಾದರೆ ಕೊಂಡಿದ್ದು ಯಾಕೆ?

ಆಪಲ್ ಲ್ಯಾಪ್‌ಟಾಪ್ ಇರುವವರಿಗೆ ಈ ಚಿಂತೆ ಕಡಿಮೆ. ಅದರಲ್ಲಿ ‘ಕೋರ್ ಆಡಿಯೋ’ ಅನ್ನೋದು ಹುಟ್ಟಿನಿಂದಲೇ ಇದೆ. ಬರೀ ಕೀಬೋರ್ಡ್ ನುಡಿಸುವವರು ಮೊದಲು ಅದರ ಹೆಡ್‌ಫೋನ್ ಜಾಕಿನಲ್ಲೇ ಪರೀಕ್ಷೆ ಮಾಡಿ ಆಮೇಲೆ ಪರ್ಸ್ ತೆಗೀಲಿ.

ಹೆಸರು ಹೇಳಿ ಅಂತೀರಾ? ಇಂಗ್ಲೆಂಡಿನ ಫೋಕಸ್‌ರೈಟ್‌ನವರ ಸ್ಕಾರ್ಲೆಟ್ 2ಐ2, ಸ್ಟೈನ್‌ಬರ್ಗ್‌ನವರ ಯುಆರ್22ಸಿ, ಅಮೆರಿಕದ ಮೋಟು ಕಂಪನಿಯ ಎಂ2... ಎಲ್ಲಕ್ಕೂ ಸ್ವಂತ ಆಸಿಯೋ ಡ್ರೈವರ್ ಇದೆ. ಜರ್ಮನಿಯ ಆರ್‌ಎಂಇಯವರ ಬೇಬಿಫೇಸ್ ಪ್ರೊ ಮೇಲಿನ ದರ್ಜೆಯದು. ಕಡಿಮೆ ಬಫರಿನಲ್ಲೂ ಅಲ್ಲಾಡದ ಡ್ರೈವರಿಗೆ ಆ ಕಂಪನಿ ಹೆಸರುವಾಸಿ. ಬೆಲೆಯೂ ಹಾಗೇ ಇದೆ! ಸೀಸನ್ನಿಗೆ ನಾಲ್ಕು ಪ್ರೋಗ್ರಾಂ ಮಾಡುವವರಿಗೆ ಅದರ ಹಂಗು ಬೇಡ. ನಿಮ್ಮದು ಐದು ಕಡ್ಡಿಯ ಮಿಡಿ ವಯರ್ ಮಾತ್ರ ಇರುವ ಹಳೇ ಕೀಬೋರ್ಡಾದರೆ ಯುಆರ್22ಸಿ, ಎಂ2 ಎರಡರಲ್ಲೂ ಮಿಡಿ ತೂತಿದೆ, 2ಐ2ನಲ್ಲಿ ಇಲ್ಲ. ಆ ವಯರಿನ ತಡಕ್ಕೆ ಹೆದರಬೇಡಿ. 1983ರಲ್ಲಿ ಬಂದ ಮಿಡಿ ಒಂದು ಕೀಯ ಸುದ್ದಿ ಮುಟ್ಟಿಸೋಕೆ ತಗೊಳ್ಳೋದು ಸುಮಾರು ಒಂದು ಮಿಲಿಸೆಕೆಂಡು.

ಡಬ್ಬದ ಮೇಲಿನ ದೊಡ್ಡ ಅಂಕಿಗಳು

‘192 ಕಿಲೋಹರ್ಟ್ಜ್’ ಅಂತ ಬರೆದಿರುತ್ತೆ. ಸ್ಟೇಜಿಗೆ 48 ಧಾರಾಳ. ಹನಿ ಜಾಸ್ತಿ ಮಾಡಿದರೆ ಅದೇ ಕೊಡ ಬೇಗ ತುಂಬುತ್ತೆ ನಿಜ. ಆದರೆ 96ಕ್ಕೆ ಏರಿಸಿದರೆ ಲ್ಯಾಪ್‌ಟಾಪಿಗೆ ಕೆಲಸವೂ ಹೆಚ್ಚುಕಡಿಮೆ ಎರಡು ಪಟ್ಟು. ಬಲಗೈಲಿ ಕೊಟ್ಟು ಎಡಗೈಲಿ ಕಿತ್ತುಕೊಂಡ ಹಾಗೆ.

‘ಯುಎಸ್‌ಬಿ 3, ಥಂಡರ್‌ಬೋಲ್ಟ್’ ಅಂತ ಬೆಲೆ ಏರಿಸ್ತಾರೆ. 48 ಕಿಲೋಹರ್ಟ್ಜ್‌ನಲ್ಲಿ ಎರಡು ಚಾನೆಲ್ಲಿನ ಸದ್ದಿಗೆ ಬೇಕಾಗೋದು ಸೆಕೆಂಡಿಗೆ ಎರಡೂವರೆ ಮೆಗಾಬಿಟ್ ಕೂಡ ಅಲ್ಲ. ಯುಎಸ್‌ಬಿ 2ರ ದಾರಿಯ ಅಗಲ 480 ಮೆಗಾಬಿಟ್. ಸೈಕಲ್ ಹೋಗೋಕೆ ನಾಲ್ಕು ಸಾಲಿನ ಹೆದ್ದಾರಿ ಇದ್ದ ಹಾಗೆ!

ಅಂಕಿ ಬಿಟ್ಟು ಕೈಗೆ ಸಿಗುವುದನ್ನು ನೋಡಿ. ಹಿಂದುಗಡೆ ಎರಡು ಪಿ-38 ಜಾಕ್ ಇರಲಿ, ‘ಬ್ಯಾಲೆನ್ಸ್ಡ್’ ಆಗಿರಲಿ. ಸ್ಟೇಜಿನಿಂದ ಮಿಕ್ಸರಿಗೆ ಉದ್ದ ವಯರ್ ಎಳೆದಾಗ ಹಮ್ಮಿಂಗ್ ಕಡಿಮೆ. ವಾಲ್ಯೂಮ್ ತಿರುಗಣೆ ದೊಡ್ಡದಿರಲಿ, ಕತ್ತಲಲ್ಲೂ ಕೈಗೆ ಸಿಗಬೇಕು. ಯುಎಸ್‌ಬಿ ವಯರು ಅಲ್ಲಾಡದೆ ಬಿಗಿಯಾಗಿ ಕೂರಲಿ.

ಅಂಗಡಿಯಲ್ಲಿ ಅರ್ಧ ಗಂಟೆ

ಎಸ್.ಪಿ. ರೋಡ್ ಆಗಲಿ, ನಿಮ್ಮೂರಿನ ಮ್ಯೂಸಿಕಲ್ಸ್ ಅಂಗಡಿ ಆಗಲಿ, ನಿಮ್ಮ ಲ್ಯಾಪ್‌ಟಾಪ್ ಇಲ್ಲದೆ ಹೋಗಬೇಡಿ. ಅಂಗಡಿಯವನ ಕಂಪ್ಯೂಟರಿನಲ್ಲಿ ಚೆನ್ನಾಗಿ ಕೇಳಿಸಿದ್ದು ನಿಮ್ಮದರಲ್ಲೂ ಕೇಳಿಸಬೇಕು ಅಂತ ಕಾನೂನಿಲ್ಲ. ಕಂಪನಿಯ ಡ್ರೈವರ್ ಹಾಕಿ, ನಿಮ್ಮ ಅತಿ ಭಾರದ ಹಾಡು ತೆಗೆದು, 128ಕ್ಕಿಟ್ಟು ನುಡಿಸಿ. ಪಟ್ ಅಂತಾ? 256ಕ್ಕಿಟ್ಟು ನುಡಿಸಿ. ಅಲ್ಲೂ ಪಟ್ ಅಂದರೆ ವೈಫೈ ಆರಿಸಿ ಮತ್ತೆ ನುಡಿಸಿ. ಆಗ ನಿಂತರೆ ತಪ್ಪು ಪೆಟ್ಟಿಗೆಯದಲ್ಲ, ಲ್ಯಾಪ್‌ಟಾಪಿನದು. ‘ಲೇಟೆನ್ಸಿಮಾನ್’ ಅನ್ನುವ ಸಾಫ್ಟ್‌ವೇರು ಯಾವ ಡ್ರೈವರು ಅಡ್ಡಗಾಲು ಹಾಕ್ತಿದೆ ಅಂತ ಹೆಸರು ಸಮೇತ ಹೇಳುತ್ತೆ.

ಗಿಟಾರಿನವರು ಪೆಟ್ಟಿಗೆಯ ಔಟ್‌ನಿಂದ ಇನ್‌ಗೆ ಒಂದು ವಯರ್ ಚುಚ್ಚಿ ‘ಆರ್‌ಟಿಎಲ್ ಯುಟಿಲಿಟಿ’ ಅನ್ನುವ ಸಾಫ್ಟ್‌ವೇರಿನಲ್ಲಿ ಹೋಗಿಬರುವ ತಡವನ್ನು ಅಳೆದುಬಿಡಿ. ಡಬ್ಬದ ಮಾತು ಬೇಡ, ಸೇಲ್ಸ್‌ಮನ್ ಮಾತೂ ಬೇಡ.

ಆಮೇಲೆ ಕೊನೆಯ ನಿಯಮ. ಬೆರಳಿಗೆ ಗೊತ್ತಾಗದ ಬಫರುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿಕೊಳ್ಳಿ. 128ಕ್ಕೂ 256ಕ್ಕೂ ಕಣ್ಣು ಮುಚ್ಚಿ ನುಡಿಸಿದಾಗ ವ್ಯತ್ಯಾಸ ಕಾಣದಿದ್ದರೆ 256ಕ್ಕೇ ಇಡಿ. ಆ ಉಳಿತಾಯವೇ ಕುಣಿತದ ಹಾಡಿನಲ್ಲಿ ನಿಮ್ಮನ್ನು ಕಾಯೋದು.

ಸ್ಟೇಜ್ ಹತ್ತುವ ಮುನ್ನ

ವೈಫೈ, ಬ್ಲೂಟೂತ್ ಎರಡೂ ಬಂದ್. ಬ್ಲೂಟೂತ್ ಹೆಡ್‌ಫೋನಿನಲ್ಲಂತೂ ನುಡಿಸಲೇಬೇಡಿ, ತಡ ನೂರು ಮಿಲಿಸೆಕೆಂಡನ್ನೂ ದಾಟಬಹುದು. ವಿಂಡೋಸ್ ಅಪ್‌ಡೇಟನ್ನು ತಡೆಹಿಡಿಯಿರಿ. ಪವರ್ ಪ್ಲಾನ್ ‘ಹೈ ಪರ್ಫಾರ್ಮೆನ್ಸ್’ಗೆ ಇಡಿ. ಯುಎಸ್‌ಬಿ ಹಬ್ ಬೇಡ, ಪೆಟ್ಟಿಗೆಯ ವಯರ್ ನೇರವಾಗಿ ಲ್ಯಾಪ್‌ಟಾಪಿಗೆ. ಚಾರ್ಜರ್ ಚುಚ್ಚಿದೊಡನೆ ‘ಗುಂಯ್’ ಅಂದರೆ ಕಿತ್ತು ನೋಡಿ. ಸದ್ದು ನಿಂತರೆ ಮಿಕ್ಸರಿಗೆ ಹೋಗುವ ದಾರಿಯಲ್ಲಿ ಒಂದು ಡಿ.ಐ. ಬಾಕ್ಸ್ ಹಾಕಿ. ಜನರೇಟರ್ ಕೈಕೊಟ್ಟಾಗ ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತೆ. ಪೆಟ್ಟಿಗೆ ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುವಂಥದ್ದಾದರೆ ಅದೂ ಉಳಿಯುತ್ತೆ. ಎಲ್ಲ ಕೈಕೊಟ್ಟರೆ? ಕೀಬೋರ್ಡಿನ ಸ್ವಂತ ಸ್ವರದ ವಯರನ್ನು ಮಿಕ್ಸರಿನ ಇನ್ನೊಂದು ಚಾನೆಲ್ಲಿಗೆ ಮೊದಲೇ ಚುಚ್ಚಿಡಿ. ಡ್ಯೂಪ್ ಇಲ್ಲದೆ ಫೈಟ್ ಸೀನ್ ಮಾಡ್ತಾರೇನ್ರೀ?

ಹೊಸ ಪೆಟ್ಟಿಗೆ ತಂದ ಮಾರನೇ ದಿನವೇ ಸ್ಟೇಜಿಗೆ ಒಯ್ಯಬೇಡಿ. ಮನೆಯಲ್ಲಿ ಎರಡು ಗಂಟೆ, ನಡುವೆ ನಿಲ್ಲಿಸದೆ, ಪೂರ್ತಿ ಪ್ರೋಗ್ರಾಮಿನ ಹಾಡುಗಳನ್ನು ನುಡಿಸಿ. ಆ ಎರಡು ಗಂಟೆಯಲ್ಲಿ ಒಂದೇ ಒಂದು ‘ಪಟ್’ ಬಂದರೂ ಕಾರಣ ಸಿಗುವವರೆಗೂ ಪೆಟ್ಟಿಗೆ ಮನೆಯಲ್ಲೇ ಇರಲಿ.

ಸ್ಟೇಜಿನ ಕೆಳಗೆ ನಿಲ್ಲುವ ಅಭಿಮಾನಿ ಮಿತ್ರರಿಗೂ ಒಂದು ಮಾತು. ಮುಂದಿನ ಹಬ್ಬದಲ್ಲಿ ನಿಮ್ಮ ಮೆಚ್ಚಿನ ಹೀರೋ ಹಾಡಿಗೆ ಕುಣಿಯುವಾಗ ಸ್ಪೀಕರ್ ಒಂದು ಸಲ ‘ಪಟ್’ ಅಂದರೆ ಗಲಾಟೆಗೆ ಮೊದಲು ಆ ಮೂಲೆಯ ಕಡೆ ನೋಡಿ. ಅಲ್ಲಿ ನಿಮ್ಮದೇ ವಯಸ್ಸಿನವನೊಬ್ಬ ನಿಮ್ಮ ಹಾಡನ್ನು ಉಳಿಸೋಕೆ ಒದ್ದಾಡ್ತಿರ್ತಾನೆ. ಎರಡು ನಿಮಿಷ ಸಮಯ ಕೊಡಿ. ಸರಿ ಮಾಡ್ತಾನೆ.

ಮುಂದಿನ ವಾರ ಮತ್ತೆ ತಾರೆಯರ ಬೀದಿಯಲ್ಲಿ ಸಿಗೋಣ!